ರಿಮೋಟ್ ಟೆಲಿಸ್ಕೋಪಲ್ಲಿ ಎಂ42 ಕೇಳಿದ್ರೆ ಬರೀ ನಾಲ್ಕು ಚುಕ್ಕೆ ಬರ್ತಿದೆ (ಬಗೆಹರಿದಿದೆ)

ಲ್ಯಾಬ್_ಮಿಸ್
ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋಳು. ಹವಾಯಿಯ ಹಲೆಯಾಕಲಾ ಬೆಟ್ಟದ ಮೇಲಿರೋ ಒಂದು ಟೆಲಿಸ್ಕೋಪನ್ನ ಬ್ರೌಸರಿಂದಾನೇ ಓಡಿಸೋಕೆ ನಮ್ಗೆ ಅರ್ಧ ಗಂಟೆ ಸ್ಲಾಟ್ ಸಿಕ್ಕಿತ್ತು, ಇಲ್ಲಿ ಮಧ್ಯಾಹ್ನ 1:30, ಅಲ್ಲಿ ಹಿಂದಿನ ದಿನ ರಾತ್ರಿ 10. ಬಿಸಿಯೂಟ ಮುಗಿಸಿ ಕೈ ಒರೆಸ್ಕೊಳ್ತಾ ಒಂಬತ್ತನೇ ಕ್ಲಾಸಿನವ್ರೆಲ್ಲ ಲ್ಯಾಬಿಗೆ ಬಂದು ಕೂತ್ರು, ನಾನು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ, ಅವನ ಕತ್ತಿ, ಅದರಲ್ಲಿರೋ ಎಂ42 ಅನ್ನೋ ನೀಹಾರಿಕೆ, ಅಂದ್ರೆ ಹೊಳೆಯೋ ಅನಿಲ-ಧೂಳಿನ ಮೋಡ, ಅಂತ ವಾರದಿಂದ ಪೀಠಿಕೆ ಹಾಕಿದ್ದೆ, ಬಂದಿದ್ದು ನೋಡಿದ್ರೆ ಕಪ್ಪು ಪರದೆ ಮೇಲೆ ನಾಲ್ಕು ಚುಕ್ಕೆ. ಹಿಂದಿನ ಬೆಂಚಿಂದ ಒಬ್ಬ "ಮಿಸ್, ಅದು ಪ್ರೊಜೆಕ್ಟರ್ ಧೂಳು" ಅಂದ. ಎಕ್ಸ್‌ಪೋಶರ್ 60 ಸೆಕೆಂಡ್. ಮೋಡ ಇರ್ಲಿಲ್ಲ, ಆಲ್-ಸ್ಕೈ ಕ್ಯಾಮೆರಾ ನೋಡಿದೀನಿ. ಏನ್ ತಪ್ಪಾಗಿದೆ?

ಧಾರ್ವಾಡ_ದುರ್ಬೀನು
ಮೇಡಂ, ಟೆಲಿಸ್ಕೋಪ್ ಕೊಡೂ ಚಿತ್ರದ ಫಿಟ್ಸ್ ಫೈಲ್ ಹಂಗಽ ತೆಗದ್ರ ಕಪ್ಪಽ ಕಾಣತೈತ್ರಿ. 16 ಬಿಟ್ ಫೈಲಂದ್ರ 0 ದಿಂದ 65535 ತನಕ ಬೆಳಕಿನ ಲೆಕ್ಕ ಇರತೈತಿ, ನಮ್ಮ ಸ್ಕ್ರೀನ್ ತೋರ್ಸೋದು 256 ಮೆಟ್ಟಲಾ ಅಷ್ಟ. ಮಸಕ ಇದ್ದದ್ದೆಲ್ಲಾ ತಳಕ್ಕ ಕುಂತಿರತೈತಿ. ಡಿಎಸ್9 ಅಂತ ಈ ಫೈಲ್ ನೋಡೂ ಸಾಫ್ಟ್‌ವೇರ್ ಐತಿ, ಅದನ್ನ ಹಾಕ್ಕೊಂಡು ಸ್ಕೇಲ್‌ನ್ಯಾಗ ಲಾಗ್ ಮತ್ತ ಝಡ್‌ಸ್ಕೇಲ್ ಒತ್ತಿ ನೋಡ್ರಿ.

ಲ್ಯಾಬ್_ಮಿಸ್
ಒತ್ತಿದೆ ಸರ್. ನಾಲ್ಕಿದ್ದ ಚುಕ್ಕೆ ನಲವತ್ತಾಯ್ತು, ನೀಹಾರಿಕೆ ಮಾತ್ರ ಇಲ್ಲ.

ರಾತ್ರಿಪಾಳಿ
ಹಾಗಾದ್ರೆ ಸ್ಟ್ರೆಚ್ (ಮಸುಕಾಗಿರೋದನ್ನ ಎತ್ತಿ ತೋರಿಸೋದು) ಸಮಸ್ಯೆ ಅಲ್ಲ. ಎಂ42 ಎಷ್ಟು ಪ್ರಕಾಶಮಾನ ಅಂದ್ರೆ 60 ಸೆಕೆಂಡಿಗೆ ನಡುವಿನ ಟ್ರೆಪೀಜಿಯಂ ನಕ್ಷತ್ರಗಳು ಉರಿದು ಬೆಳ್ಳಗಾಗಿರ್ಬೇಕು, ಕಾಣದೇ ಇರೋ ಮಾತೇ ಇಲ್ಲ. ಟೆಲಿಸ್ಕೋಪ್ ಬೇರೆ ಎಲ್ಲೋ ನೋಡಿದೆ. ಫೈಲಿನ ಹೆಡರ್ (ಚಿತ್ರದ ವಿವರ ಬರೆದಿರೋ ಭಾಗ) ತೆಗೆದು ಆರ್‌ಎ, ಡೆಕ್ ಎರಡು ಸಾಲು ಇಲ್ಲಿ ಹಾಕಿ, ಅವು ಆಕಾಶದ ರೇಖಾಂಶ, ಅಕ್ಷಾಂಶ ಇದ್ದ ಹಾಗೆ. ಫಾರ್ಮಲ್ಲಿ ನೀವು ಏನು ಟೈಪ್ ಮಾಡಿದ್ರಿ ಅದನ್ನೂ ಹೇಳಿ.

ಲ್ಯಾಬ್_ಮಿಸ್
ಹೆಡರಲ್ಲಿ ಆರ್‌ಎ 00:22:21, ಡೆಕ್ -04:37:01 ಅಂತಿದೆ. ನಾನು ಕೊಟ್ಟಿದ್ದು 5.588 ಮತ್ತು -4.617. ಪುಸ್ತಕದಲ್ಲಿ 5 ಗಂಟೆ 35 ನಿಮಿಷ 17 ಸೆಕೆಂಡ್ ಇತ್ತು, ಎಕ್ಸೆಲಲ್ಲಿ ದಶಮಾಂಶ ಮಾಡ್ಕೊಂಡೆ.

ರಾತ್ರಿಪಾಳಿ
ಸಿಕ್ತು! ನಿಮ್ಮ 5.588 ಗಂಟೆ ಲೆಕ್ಕ, ಆ ಫಾರ್ಮ್ ಕೇಳ್ತಿರೋದು ಡಿಗ್ರಿ. ಆಕಾಶದ ಸುತ್ತು 24 ಗಂಟೆ ಅಂದ್ರೆ 360 ಡಿಗ್ರಿ, ಗಂಟೆಗೆ 15 ಡಿಗ್ರಿ, ಹಾಗಾಗಿ 5.588ನ್ನ 15ರಿಂದ ಗುಣಿಸಿ 83.82 ಕೊಡ್ಬೇಕಿತ್ತು. ಅದು 5.588 ಡಿಗ್ರಿ ಅಂದ್ಕೊಂಡು ಮಹಾವ್ಯಾಧನಿಂದ 78 ಡಿಗ್ರಿ ಪಶ್ಚಿಮಕ್ಕೆ, ಮೀನ ಮತ್ತು ತಿಮಿಂಗಿಲ ಪುಂಜಗಳ ಕಡೆ ಹೋಗಿದೆ, ಅಲ್ಲಿ ಹೇಳ್ಕೊಳ್ಳೋ ಅಂಥದ್ದೇನೂ ಇಲ್ಲ. ಆ ಜಾಗ ಆಗ ದಿಗಂತದ ಕೆಳಗಿದ್ದಿದ್ರೆ ಎರರ್ ಬರ್ತಿತ್ತು, ಡಿಸೆಂಬರ್ ರಾತ್ರಿ 10ಕ್ಕೆ ಎರಡೂ ಮೇಲೇ ಇರ್ತಾವಲ್ಲ, ಅದಕ್ಕೇ ತುಟಿಪಿಟಿಕ್ ಅನ್ನದೆ ಫೋಟೋ ತೆಗೆದು ಕೊಟ್ಟಿದೆ. ಅನುಮಾನ ಇದ್ರೆ ಚಿತ್ರಾನ ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಹಾಕಿ, ಚುಕ್ಕೆಗಳ ಜೋಡಣೆ ನೋಡಿ ಅದು ಆಕಾಶದ ಯಾವ ಜಾಗ ಅಂತ ಹೇಳುತ್ತೆ, ಪುಕ್ಕಟೆ.

ಧಾರ್ವಾಡ_ದುರ್ಬೀನು
ಕೋಆರ್ಡಿನೇಟ್ ರಗಳೇನ ಬ್ಯಾಡ ಅನ್ನಿಸಿದ್ರ ಮೈಕ್ರೋಅಬ್ಸರ್ವೇಟರಿ ಐತ್ರಿ, ಅರಿಜೋನಾದಾಗ, ಹಾರ್ವರ್ಡ್-ಸ್ಮಿತ್ಸೋನಿಯನ್ ಮಂದಿದು. 6 ಇಂಚಿಂದು ಸಣ್ಣದು, ಲಿಸ್ಟ್‌ನ್ಯಾಗಿಂದ ಹೆಸರು ಆರಿಸಿದ್ರ ಆತು, ಚಿತ್ರ ಆಮ್ಯಾಲ ಇಮೇಲಿಗೆ ಬರತೈತಿ. ಲೈವ್ ಅಲ್ಲ, ಹುಡುಗ್ರಿಗೆ ಆ ಮಜಾ ಇರೂದಿಲ್ಲ.

ಲ್ಯಾಬ್_ಮಿಸ್
ಅಯ್ಯೋ, 15ರಿಂದ ಗುಣಿಸೋದು ಕ್ಲಾಸಲ್ಲಿ ನಾನೇ ಬೋರ್ಡ್ ಮೇಲೆ ಬರೆದಿದ್ದೆ! ಮುಂದಿನ ವಾರ ಇನ್ನೊಂದು ಸ್ಲಾಟ್ ಇದೆ, ಹೇಳ್ತೀನಿ.

ಲ್ಯಾಬ್_ಮಿಸ್ (ಎಂಟು ದಿನ ಬಿಟ್ಟು)
83.82 ಕೊಟ್ವಿ. ಈ ಸಲ ಅಂಚಲ್ಲಿ ಹೊಗೆ ಥರ ಏನೋ ಇದೆ, ಎದುರು ಅಂಚಲ್ಲಿ ಒಂದಷ್ಟು ನಕ್ಷತ್ರದ ಗುಂಪು, ಆದ್ರೆ ಫೋಟೋಗಳಲ್ಲಿ ನೋಡೋ ಎಂ42 ಅಲ್ವೇ ಅಲ್ಲ. ಫೀಲ್ಡ್, ಅಂದ್ರೆ ಚಿತ್ರದಲ್ಲಿ ಹಿಡಿಯೋ ಆಕಾಶದ ಅಗಲ, ಸುಮಾರು ಅರ್ಧ ಡಿಗ್ರಿ.

ರಾತ್ರಿಪಾಳಿ
ತಪ್ಪು ನಂದು ಮೇಡಂ, ಹೋದ ಸಲ ಆರ್‌ಎ ನೋಡಿದ ಖುಷಿಲಿ ಡೆಕ್ ನೋಡ್ಲೇ ಇಲ್ಲ. ಎಂ42 ಇರೋದು -5 ಡಿಗ್ರಿ 23 ನಿಮಿಷದಲ್ಲಿ (ಇಲ್ಲಿ ನಿಮಿಷ ಅಂದ್ರೆ ಡಿಗ್ರಿಯ 60ರಲ್ಲಿ ಒಂದು ಭಾಗ). ಎಕ್ಸೆಲ್ ಫಾರ್ಮುಲಾ -5ಕ್ಕೆ 23/60 ಕೂಡಿಸಿ -4.617 ಮಾಡಿದೆ, ಮೈನಸ್ ಇದ್ದಾಗ ನಿಮಿಷಾನೂ ಮೈನಸ್ ಕಡೆಗೇ ಹೋಗ್ಬೇಕು, -5.383. ಮುಕ್ಕಾಲು ಡಿಗ್ರಿ ಉತ್ತರಕ್ಕೆ ಜಾರಿದೀರ, ನಿಮ್ಮ ಫೀಲ್ಡಲ್ಲಿ ಅದು ಹೊರಗೆ. ಆದ್ರೆ ನೀವು ಹಿಡಿದಿರೋ ಹೊಗೆ ಎನ್‌ಜಿಸಿ 1977, ರನ್ನಿಂಗ್ ಮ್ಯಾನ್ ನೀಹಾರಿಕೆ ಅಂತಾರಲ್ಲ ಅದರ ಭಾಗ, ಆಚೆ ಗುಂಪು ಎನ್‌ಜಿಸಿ 1981. ಡಿಲೀಟ್ ಮಾಡ್ಬೇಡಿ.

ಲ್ಯಾಬ್_ಮಿಸ್
ಸ್ಲಾಟಲ್ಲಿ ಇನ್ನೂ 9 ನಿಮಿಷ ಇತ್ತು, ಕ್ಲಾಸಿಂದಾನೇ ಟೈಪ್ ಮಾಡ್ತಿದೀನಿ, -5.383 ಕೊಟ್ಟು 10 ಸೆಕೆಂಡ್ ಎಕ್ಸ್‌ಪೋಶರ್ ಹಾಕಿದ್ವಿ. ಬಂತು!! ರೆಕ್ಕೆ ಬಿಚ್ಚಿದ ಹಾಗೆ ಪೂರ್ತಿ ಪರದೆ ತುಂಬಾ. ಧೂಳು ಅಂದವನೇ ಎದ್ದು ಬಂದು ಪರದೆ ಮುಟ್ಟಿ ನೋಡ್ದ. ಓಡ್ತಿರೋ ಮನುಷ್ಯನ ಚಿತ್ರಾನೂ ಪ್ರಿಂಟ್ ಮಾಡಿ ಅಂತ ಹಠ ಹಿಡಿದಿದಾರೆ, ಅರ್ಧ ಜನಕ್ಕೆ ಅದು ಕೋಳಿ ಥರ ಕಾಣ್ತಿದೆಯಂತೆ.