ಸಹಾಯ ಬೇಕು: ನಮ್ಮತ್ತೆಗೆ ಓದಲು ಹಳೇ ಕಾಲದ ಪತ್ತೇದಾರಿ ಕಾದಂಬರಿ, ಕನ್ನಡದಲ್ಲಿ

ಎಲ್ಲರಿಗೂ ನಮಸ್ಕಾರ. ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆ. 2022ರಲ್ಲಿ ಬಂದ ಇಂಗ್ಲಿಷ್ ಪುಸ್ತಕ, ಸರಣಿಯಲ್ಲಿ ಮೊದಲನೆಯದು.

ಕಥೆ ನಡೆಯುವುದು 1921ರ ಬೆಂಗಳೂರಿನಲ್ಲಿ. ಕಾವೇರಿ ಈಗಷ್ಟೇ ಗಂಡನ ಮನೆಗೆ ಬಂದ 19ರ ಹುಡುಗಿ. ಗಂಡ ರಾಮು ಬೌರಿಂಗ್ ಆಸ್ಪತ್ರೆಯಲ್ಲಿ ಡಾಕ್ಟರು. ಸೆಂಚುರಿ ಕ್ಲಬ್ಬಿನ ಪಾರ್ಟಿಯಲ್ಲಿ ಒಂದು ಕೊಲೆ ಆಗುತ್ತದೆ. ಕಾವೇರಿ ಸುಮ್ನೆ ಕೂರುವವಳಲ್ಲ. ಲೆಕ್ಕ ಅಂದ್ರೆ ಪ್ರಾಣ ಅವಳಿಗೆ, ಕೊಲೆಯನ್ನೂ ಲೆಕ್ಕದ ಹಾಗೇ ಬಿಡಿಸುತ್ತಾಳೆ. ಆದರೆ ನನಗೆ ಕೊಲೆಗಾರನಿಗಿಂತ ಜಾಸ್ತಿ ಹಿಡಿಸಿದ್ದು ಆ ಊರು. ಪೇಟೆ ಮೈಸೂರು ಅರಸರದ್ದು, ದಂಡು (ಕಂಟೋನ್ಮೆಂಟ್) ಬ್ರಿಟಿಷರದ್ದು, ನಡುವೆ ಕಬ್ಬನ್ ಪಾರ್ಕ್. ನಾನು ದಿನಾ ಬಸ್ಸಲ್ಲಿ ಹೋಗುವ ದಾರಿ ಅದು! ಕೊನೆಯಲ್ಲಿ ಅಡುಗೆ ಮಾಡುವ ವಿಧಾನಗಳೂ ಇವೆ.

ನಮ್ಮತ್ತೆಗೆ 74 ವರ್ಷ, ಇಂಗ್ಲಿಷ್ ಓದುವುದಿಲ್ಲ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಡೀ ಕಥೆ ಕನ್ನಡದಲ್ಲಿ ಹೇಳಿದೆ. ಕಥೆಯಲ್ಲಿ ಕಾವೇರಿಯ ಪಕ್ಕದ ಮನೆ ಉಮಾ ಆಂಟಿ ಬಂದಾಗಲೆಲ್ಲ ಅತ್ತೆಯ ಮುಖ ಅರಳುತ್ತಿತ್ತು. ಮುಗಿದ ದಿನ “ಇಂಥದ್ದು ನಾನೇ ಓದೋ ಹಾಗೆ ಸಿಗಲ್ವೇನಮ್ಮಾ?” ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಬೆಂಗಳೂರು ಅಥವಾ ಮೈಸೂರಿನಲ್ಲಿ ನಡೆಯುವ ಪತ್ತೇದಾರಿ ಕಥೆ ಕನ್ನಡದಲ್ಲಿ ನೀವು ಓದಿದ್ದೀರಾ? ರಕ್ತಪಾತ ಜಾಸ್ತಿ ಬೇಡ. ಮನೆ, ಬೀದಿ, ಊಟ, ಹೆಂಗಸರ ಮಾತುಕತೆ ಇರಲಿ. ಅಕ್ಷರ ದಪ್ಪಗಿದ್ದರೆ ಅತ್ತೆಯ ಕಣ್ಣಿಗೆ ಅನುಕೂಲ. ಹಳೇ ಪ್ರತಿಯಾದರೂ ಪರವಾಗಿಲ್ಲ. ಮುಂದಿನ ತಿಂಗಳು ಅವರ ಹುಟ್ಟುಹಬ್ಬ, ಅಷ್ಟರೊಳಗೆ ತರಿಸಬೇಕು. ದಯವಿಟ್ಟು ಹೆಸರು ತಿಳಿಸಿ.