ಸಹಾಯ ಬೇಕು: ಥೈರಾಯ್ಡ್ ಕಡಿಮೆ ಇದ್ದರೆ ಚರ್ಮ ಉರಿಯುತ್ತದಾ?

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನನ್ನ ತೊಡೆ, ತೋಳಿನ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಉರಿಯುತ್ತಿದೆ. ನೋಡಿದರೆ ಕೆಂಪೂ ಇಲ್ಲ, ಗುಳ್ಳೆಯೂ ಇಲ್ಲ. ರಾತ್ರಿ ಹೊದಿಕೆ ತಾಗಿದರೂ ತಡೆಯೋಕಾಗಲ್ಲ. ವಿಚಿತ್ರ ಅಂದರೆ, ಮೈಯೆಲ್ಲ ಚಳಿ, ಚರ್ಮ ಮಾತ್ರ ಬೆಂಕಿ!

ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ರಕ್ತದಲ್ಲಿ ಏರುವ ಹಾರ್ಮೋನ್) 18 ಬಂದಿದೆ. ಸಾಮಾನ್ಯವಾಗಿ ಸುಮಾರು 4ರ ಒಳಗಿರಬೇಕು, ಅಲ್ವಾ? ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಶುರು ಮಾಡಿ ಮೂರು ವಾರ ಆಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುತ್ತೇನೆ. ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು.

ಸುಸ್ತು, ತೂಕ ಜಾಸ್ತಿ ಆಗೋದು ಎಲ್ಲರಿಗೂ ಗೊತ್ತಿರುವುದೇ. ನನಗೆ ಹುಬ್ಬಿನ ಹೊರತುದಿಯ ಕೂದಲು ಉದುರಿದೆ, ದನಿ ಗೊಗ್ಗರಾಗಿದೆ. ಬೆಳಗಿನ ಜಾವ ಬೆರಳು ಎಷ್ಟು ಜೋಮು ಹಿಡಿದಿರುತ್ತದೆ ಅಂದರೆ, ಕೈ ಕೊಡವಿಕೊಳ್ಳದೆ ಅಂಗಿ ಗುಂಡಿ ಹಾಕೋಕಾಗಲ್ಲ. ಇವೆಲ್ಲ ಥೈರಾಯ್ಡ್‌ದೇ ಅಂದರು ವೈದ್ಯರು. ಉರಿ ಬಗ್ಗೆ ಕೇಳಿದರೆ ಮಾತ್ರ "ಸುಮ್ನೆ ಟೆನ್ಶನ್" ಅಂದುಬಿಟ್ಟರು. ಟೆನ್ಶನ್ ಹುಡುಕಿಕೊಂಡು ತೊಡೆಗೇ ಬರುತ್ತದಾ?

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ? ಮಾತ್ರೆಯಿಂದ ಉರಿ ಕಡಿಮೆಯಾಯಿತಾ, ಎಷ್ಟು ದಿನಕ್ಕೆ? ಬಿ12 ಕೊರತೆ, ಸಕ್ಕರೆ ಕಾಯಿಲೆಯಿಂದಲೂ ಉರಿ ಬರುತ್ತದೆ, ಹಾಗಾಗಿ ಅವೆರಡನ್ನೂ ಪರೀಕ್ಷೆ ಮಾಡಿಸುತ್ತೇನೆ. ಮುಂದಿನ ಟಿಎಸ್‌ಎಚ್‌ಗೆ ಇನ್ನೂ ಮೂರು ವಾರ ಇದೆ. ಅಲ್ಲಿಯವರೆಗೆ ರಾತ್ರಿ ನಿದ್ದೆ ಬರೋಕೆ ನೀವೇನು ಮಾಡಿದಿರಿ, ದಯವಿಟ್ಟು ತಿಳಿಸಿ.