ಸಮಸ್ಯೆ: ಕನ್ನಡಿಯೊಳ್ ತನ್ನ ಮೊಗಮೆ ಕಾಣದೆ ಪೋಯ್ತೇ

ಸಂಚಾಲಕ: ಈ ಸಲ ಕಂದದ (ನಾಲ್ಕು ಸಾಲಿನ ಪದ್ಯ) ಕೊನೆಯ ಸಾಲು ಕೊಟ್ಟಿದೆ; ಅದಕ್ಕೆ ಅರ್ಥ ಹೊಂದುವಂತೆ ಮೊದಲ ಮೂರು ಸಾಲು ಬರೆಯುವುದೇ ಪೂರಣ. ವಸ್ತು: ಬಿಂಕ, ಹೊಗಳಿಕೆಯ ಹಂಬಲ. 1 ಮತ್ತು 3ನೇ ಸಾಲಿಗೆ 12 ಮಾತ್ರೆ, 2 ಮತ್ತು 4ಕ್ಕೆ 20 (ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು; ನಾಲ್ಕು ಮಾತ್ರೆಗೆ ಒಂದು ಗಣ). ಪ್ರಾಸಾಕ್ಷರ (ಪ್ರತಿ ಸಾಲಿನ ಎರಡನೇ ಅಕ್ಷರ) ‘ನ್ನ’, ಹಾಗಾಗಿ ನಾಲ್ಕೂ ಸಾಲು ಗುರುವಿನಿಂದಲೇ ಶುರುವಾಗಬೇಕು. ಕುರುಡನನ್ನು ತಂದು ನಿಲ್ಲಿಸಬೇಡಿ, ಅದು ತೀರಾ ಅಗ್ಗದ ಕೀಲಕ (ಸಮಸ್ಯೆ ಬಿಡಿಸುವ ಉಪಾಯ).

ಪೂರಣ 1:
ಮನ್ನಣೆಯೋಲೆಗಳಂ ತಾಂ
ಬಿನ್ನಣದಿಂ ಸಾಲಾಗಂಟಿಸಿ ಮೆಯ್ಮರೆದಂ |
ಇನ್ನೊಂದಂ ಸೇರಿಸಲಾ
ಕನ್ನಡಿಯೊಳ್ ತನ್ನ ಮೊಗಮೆ ಕಾಣದೆ ಪೋಯ್ತೇ ||

ಸಂಚಾಲಕ: ಕೀಲಕ ಭೇಷ್! ಬಿರುದಿನ ಕಾಗದಗಳೇ ಕನ್ನಡಿಯನ್ನು ಮುಚ್ಚಿದವು; ಅದೂ ಗುಟ್ಟು ಮೂರನೇ ಸಾಲಿನವರೆಗೆ ಬಿಟ್ಟುಕೊಟ್ಟಿಲ್ಲ. ಆದರೆ ಎರಡನೇ ಸಾಲು ಕುಂಟುತ್ತಿದೆ. ಮಾತ್ರೆ ಎಣಿಸಿದರೆ 20 ಸರಿಯಾಗೇ ಸಿಗುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಗಣ ಬಿಡಿಸಿ: ಬಿನ್ನಣ | ದಿಂ ಸಾ | ಲಾಗಂ | ಟಿಸಿ ಮೆಯ್ | ಮರೆದಂ. ಪೂರ್ವಾರ್ಧದ (ಮೊದಲೆರಡು ಸಾಲು ಸೇರಿ) 6ನೇ ಗಣ ‘ಲಾಗಂ’, ಎರಡು ಗುರು. ಅಲ್ಲಿ ಜಗಣ (ಲಘು-ಗುರು-ಲಘು) ಇಲ್ಲವೇ ನಾಲ್ಕು ಲಘು ಬೇಕೇ ಬೇಕು. ‘ಬಿನ್ನಣದಿಂ ಸುತ್ತಲಂಟಿಸುತೆ ಮೆಯ್ಮರೆದಂ’ ಎಂದರೆ ‘ತಲಂಟಿ’ ಜಗಣವಾಗಿ ಕೂರುತ್ತದೆ.

ಪೂರಣಕಾರ 1: ಸವರಿಸಿದೆ ಸರ್, ಧನ್ಯವಾದ. ಸಮಸ್ಯೆಯ ಸಾಲಿನಲ್ಲೇ ‘ನ ಮೊಗಮೆ’ ನಾಲ್ಕು ಲಘು ಇದೆಯಲ್ಲ, ಅಲ್ಲಿಗೆ ಬೇರೆ ನಿಯಮವೇ?

ಸಂಚಾಲಕ: ಸರ್ವಲಘು (ನಾಲ್ಕೂ ಲಘು) ಬಂದರೆ ಮೊದಲ ಲಘುವಿನ ಮೇಲೆ ಯತಿ (ನಿಲುಗಡೆ), ಎರಡನೆಯದರಿಂದ ಹೊಸ ಪದ. ‘ತನ್ನ’ ಮುಗಿದು ‘ಮೊಗಮೆ’ ಶುರುವಾಗುವುದು ಅಲ್ಲೇ. ‘ಮೊಗಮೇ’ ಎಂದು ಎಳೆದು ಓದಬೇಡಿ, ಒಂದು ಮಾತ್ರೆ ಹೆಚ್ಚಿ ಗಣ ಒಡೆಯುತ್ತದೆ.

ಪೂರಣ 2:
ಚೆನ್ನಿಗನಾನೆಂದುಬ್ಬುತೆ
ತನ್ನುಸಿರಂ ಬಿಟ್ಟನಲ್ತೆ ಗಾಜಿನ ಬಳಿಯೊಳ್ |
ಛನ್ನಮದಾಯ್ತಾವಿಯಿನಾ
ಕನ್ನಡಿಯೊಳ್ ತನ್ನ ಮೊಗಮೆ ಕಾಣದೆ ಪೋಯ್ತೇ ||

ಓದುಗ: ಮೆಚ್ಚಿ ಮೆಚ್ಚಿ ಹತ್ತಿರ ಹೋದವನ ಉಸಿರೇ ಮಂಜಾಯಿತು. ಛಂದಸ್ಸಿನಲ್ಲಿ ದೋಷವಿಲ್ಲ. ‘ಛನ್ನಮದಾಯ್ತು’ (ಮುಚ್ಚಿಹೋಯಿತು) ಮಾತ್ರ ಪ್ರಾಸಕ್ಕಾಗಿ ಹೆಕ್ಕಿ ತಂದ ಪದ, ನಡುವಿನ ‘ಅದು’ ಬರೀ ತುಂಬುಮಾತು. ‘ಅನ್ನೆಗಮಾವಿ ಮುಸುಂಕಲ್’ (ಅಷ್ಟರಲ್ಲಿ ಆವಿ ಮುಸುಕಲು) ಎಂದು ಬರೆದರೆ? 12 ಮಾತ್ರೆ, ಪದಗಳೂ ಹಳಗನ್ನಡದವೇ.

ಪೂರಣಕಾರ 2: ಒಪ್ಪಿದೆ. ಎರಡನೇ ಸಾಲನ್ನು ‘ಬಣ್ಣಿಸುತೆ’ ಎಂದು ಶುರು ಮಾಡಿದರೆ ಹೊಗಳಿಕೆಯ ಭಾವ ಇನ್ನೂ ಬರುತ್ತಿತ್ತು.

ಓದುಗ: ಬರುತ್ತಿತ್ತು, ಪ್ರಾಸ ಹೋಗುತ್ತಿತ್ತು. ‘ಣ್ಣ’ಕ್ಕೂ ‘ನ್ನ’ಕ್ಕೂ ಪ್ರಾಸವಿಲ್ಲ.

ಪೂರಣ 3:
ಚೆನ್ನಿಗದೇವನ ಗುಡಿಯೊಳ್
ಕನ್ನೆಯಿವಳ್ ಕಲ್ಲ ಪಿಡಿದು ನೋಡುತೆ ನಿಂದಳ್ |
ತನ್ನಂದಂ ಕಾಣ್ಬಾಸೆಗೆ
ಕನ್ನಡಿಯೊಳ್ ತನ್ನ ಮೊಗಮೆ ಕಾಣದೆ ಪೋಯ್ತೇ ||

ಸಂಚಾಲಕ: ಬೇಲೂರಿನ ದರ್ಪಣಸುಂದರಿ! ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮದನಿಕೆ (ಹೆಣ್ಣಿನ ಶಿಲ್ಪ). ಅವಳ ಕೈಗನ್ನಡಿಯೂ ಬಳಪದ ಕಲ್ಲೇ, ಮೊಗ ಎಲ್ಲಿ ಕಾಣಬೇಕು? ‘ತನ್ನ’ ಎಂಬುದು ಹೆಣ್ಣಿಗೂ ಸಲ್ಲುತ್ತದೆ ಅನ್ನುವುದನ್ನು ಇವರೊಬ್ಬರೇ ಬಳಸಿಕೊಂಡರು. ‘ಲ ಪಿಡಿದು’ ಸರ್ವಲಘು, ಯತಿಯೂ ಸರಿಯಾದ ಜಾಗದಲ್ಲಿದೆ. ಒಂದೇ ತಕರಾರು: ‘ಕಲ್ಲ’ ಎಂದು ಎರಡನೇ ಸಾಲಿನಲ್ಲೇ ಗುಟ್ಟು ರಟ್ಟಾಯಿತು. ಅದನ್ನು ಮೂರಕ್ಕೆ ತಳ್ಳುವ ಸವರಣೆ ಯಾರಿಗಾದರೂ ಹೊಳೆದರೆ ಹಾಕಿ.